ಘಾಟಿ ಇಳಿಯುವಾಗ ಕೂಸಿನ ಟ್ಯೂಬ್ ಜಾರುವುದು ಯಾಕೆ?

ಸಕಲೇಶಪುರದ ಸಿಸ್ಟರ್:
ಬಾಯಿಂದ ಶ್ವಾಸನಾಳಕ್ಕೆ ಉಸಿರಾಟದ ಟ್ಯೂಬ್ ಹಾಕಿದ ಕೂಸುಗಳನ್ನು ಮಂಗಳೂರಿಗೆ ಕಳಿಸುವಾಗ ಆಂಬುಲೆನ್ಸ್‌ನಲ್ಲಿ ನಾನೇ ಜೊತೆಗೆ ಹೋಗುತ್ತೇನೆ. ಹೊರಡುವಾಗ ಎರಡೂ ಕಡೆ ಉಸಿರು ಚೆನ್ನಾಗಿ ಕೇಳುತ್ತದೆ. ಮೊನ್ನೆ ಶಿರಾಡಿ ಇಳಿಯುವಷ್ಟರಲ್ಲಿ ಎಡಗಡೆ ಸದ್ದೇ ಇಲ್ಲ, ಸ್ಯಾಚುರೇಷನ್ (ರಕ್ತದಲ್ಲಿನ ಆಮ್ಲಜನಕದ ಮಟ್ಟ) ಇಳಿಯುತ್ತಿದೆ. ಪ್ಲಾಸ್ಟರ್ ಬಿಟ್ಟಿರಲಿಲ್ಲ. 3 ಕೆ.ಜಿ. ಕೂಸು, ತುಟಿ ಹತ್ತಿರ ಟ್ಯೂಬಿನ ಗುರುತು 9 ಸೆಂ.ಮೀ.ನಲ್ಲೇ ಇತ್ತು. ಒಳಗೆ ಏನಾಗಿರುತ್ತದೆ?

ಹಾಸನದ ಅನಸ್ತೇಷಿಯಾ ಡಾಕ್ಟರ್:
ಸಿಸ್ಟರ್, ಪ್ಲಾಸ್ಟರ್ ಬಿಡಿ, ಗದ್ದ ನೋಡಿ. ಗದ್ದ ಎದೆ ಕಡೆ ಬಾಗಿದರೆ ಟ್ಯೂಬಿನ ತುದಿ ಕೆಳಗೆ ಹೋಗುತ್ತದೆ. ತಲೆ ಹಿಂದಕ್ಕೆ ವಾಲಿದರೆ ಮೇಲೆ ಬರುತ್ತದೆ. ಇದಕ್ಕೆ ತುಟಿಯ ಗುರುತು ಕದಲಲೇಬೇಕು ಅಂತಿಲ್ಲ.

ದೊಡ್ಡವರ ಶ್ವಾಸನಾಳ 10–12 ಸೆಂ.ಮೀ. ಇರುತ್ತದೆ, ಸ್ವಲ್ಪ ಆಚೀಚೆ ಆದರೂ ನಡೆಯುತ್ತದೆ. ತಿಂಗಳು ತುಂಬಿ ಹುಟ್ಟಿದ ಕೂಸಿಗೆ ಬರೀ 4–5 ಸೆಂ.ಮೀ. ತೂಕಕ್ಕೆ 6 ಕೂಡಿಸಿ 9ಕ್ಕೆ ಹಾಕಿದ್ದು ಸರಿಯೇ. ಆದರೆ ಆ ಲೆಕ್ಕ ತಲೆ ನೇರ ಇದ್ದಾಗ ಮಾತ್ರ. ತುದಿ ಒಂದು ಸೆಂ.ಮೀ. ಇಳಿದರೂ ಸಾಕು, ಬಲ ಶ್ವಾಸಕೋಶದ ಕವಲಿಗೆ ಹೋಗಿಬಿಡಬಹುದು. ಆಮೇಲೆ ಎಡಗಡೆಗೆ ಗಾಳಿ ಎಲ್ಲಿಂದ ಬರಬೇಕು?

ಕೂಸಿನ ಹಿಂದಲೆ ದೊಡ್ಡದು, ಅಲ್ವಾ? ಅಂಗಾತ ಮಲಗಿಸಿದರೆ ಗದ್ದ ತಾನಾಗಿಯೇ ಎದೆಗೆ ಬೀಳುತ್ತದೆ. ಪ್ರೀತಿಯಿಂದ ಯಾರಾದರೂ ತಲೆ ಕೆಳಗೆ ದಿಂಬು ಇಟ್ಟರಂತೂ ಮುಗಿಯಿತು! ತಲೆಗಲ್ಲ, ಹೆಗಲ ಕೆಳಗೆ ತೆಳ್ಳಗೆ ಬಟ್ಟೆ ಮಡಿಸಿಡಿ. ದಪ್ಪ ಮಾಡಿದರೆ ತಲೆ ಹಿಂದಕ್ಕೆ ಹೋಗಿ ಟ್ಯೂಬೇ ಹೊರಗೆ ಬಂದೀತು.

ಚಿಕ್ಕಮಗಳೂರಿನ ಹೌಸ್ ಸರ್ಜನ್:
ಸರ್, ದಪ್ಪ ಟ್ಯೂಬ್ ಹಾಕಿದರೆ ಬಿಗಿಯಾಗಿ ಕೂರುವುದಿಲ್ಲವೇ? ಇನ್ನೊಂದು, ಕೂಸಿನ ಉಸಿರಿನ ದಾರಿ ಕ್ರಿಕಾಯ್ಡ್ (ಧ್ವನಿತಂತುಗಳ ಕೆಳಗಿನ ಮೃದ್ವಸ್ಥಿ) ಹತ್ತಿರವೇ ಅತಿ ಕಿರಿದು ಅಂತ ಪರೀಕ್ಷೆಗೆ ಓದಿದ್ದೆವು. ಈಗ ಅಲ್ಲ ಅನ್ನುತ್ತಾರೆ.

ಹಾಸನದ ಅನಸ್ತೇಷಿಯಾ ಡಾಕ್ಟರ್:
ಸ್ಕ್ಯಾನ್‌ಗಳಲ್ಲಿ ಧ್ವನಿತಂತುಗಳ ಹತ್ತಿರ ಇನ್ನೂ ಕಿರಿದಾಗಿ ಕಂಡಿದೆ, ನಿಜ. ಪರೀಕ್ಷೆಗೆ ನಿಮ್ಮ ಮೇಷ್ಟ್ರು ಹೇಳಿದ್ದನ್ನೇ ಬರೆಯಿರಿ. ಧ್ವನಿತಂತು ಸರಿದು ಜಾಗ ಕೊಡುತ್ತದೆ, ಕ್ರಿಕಾಯ್ಡ್ ಕೊಡುವುದಿಲ್ಲ. ಅದು ಸುತ್ತಲೂ ಗಟ್ಟಿ ಬಳೆ. ಅಲ್ಲಿ ತಡೆದರೆ ಒತ್ತಬೇಡಿ, ಅರ್ಧ ಸೈಜ್ ಇಳಿಸಿ. 4 ಮಿ.ಮೀ. ದಾರಿಯಲ್ಲಿ ಸುತ್ತಲೂ 1 ಮಿ.ಮೀ. ಬಾವು ಬಂದರೆ ಉಳಿಯುವುದು 2. ಉಸಿರಿಗೆ ಅಡ್ಡಿ 16 ಪಟ್ಟು. ಬಿಗಿ ಮಾಡಿದ್ದಕ್ಕೆ ಟ್ಯೂಬ್ ತೆಗೆದ ಮೇಲೆ ಕೂಸು ಅನುಭವಿಸಬೇಕು.

ಮೂಡಿಗೆರೆ ಕಡೆಯ ನರ್ಸ್:
ನಮ್ಮದು ಚಾರ್ಮಾಡಿ ದಾರಿ. ತಲೆಯ ಎರಡೂ ಪಕ್ಕ ಬಟ್ಟೆ ಸುರುಳಿ ಇಟ್ಟು ಕದಲದ ಹಾಗೆ ಮಾಡುತ್ತೇವೆ. ಕೊಟ್ಟಿಗೆಹಾರದಲ್ಲಿ ಗಾಡಿ ನಿಲ್ಲಿಸಿ ಒಮ್ಮೆ ಕೇಳಿಸಿಕೊಳ್ಳುತ್ತೇವೆ. ಎದೆಯ ನಡುವೆ ಅಲ್ಲ, ಕಂಕುಳಲ್ಲಿ. ಪುಟ್ಟ ಎದೆ, ಒಂದು ಕಡೆಯ ಸದ್ದು ಇನ್ನೊಂದು ಕಡೆಗೂ ಕೇಳುತ್ತದೆ.

ಸಕಲೇಶಪುರದ ಸಿಸ್ಟರ್:
ಹಾಗಾದ್ರೆ ಎಡಗಡೆ ಸದ್ದು ಹೋದಾಗ ಟ್ಯೂಬ್ ಸ್ವಲ್ಪ ಎಳೆಯಲೇ ಸರ್?

ಹಾಸನದ ಅನಸ್ತೇಷಿಯಾ ಡಾಕ್ಟರ್:
ಮೊದಲು ತಲೆ ನೇರ ಮಾಡಿ, ಮತ್ತೆ ಕೇಳಿ. ಗದ್ದ ಬಾಗಿರುವಾಗಲೇ ಎಳೆದರೆ, ಆಮೇಲೆ ತಲೆ ನೇರವಾದ ಕೂಡಲೇ ಟ್ಯೂಬ್ ಹೊರಗೆ. ನೇರ ಮಾಡಿದರೂ ಸದ್ದು ಬರದಿದ್ದರೆ ಕಫ ಕಟ್ಟಿದೆಯಾ, ಸಿಲಿಂಡರ್ ಖಾಲಿಯಾ, ಎದೆಯೊಳಗೆ ಶ್ವಾಸಕೋಶದ ಹೊರಗೆ ಗಾಳಿ ತುಂಬಿದೆಯಾ ಅಂತಲೂ ಯೋಚಿಸಿ. ಕೈಯಿಂದ ಉಸಿರು ಕೊಡುವ ಬ್ಯಾಗ್ ಮತ್ತು ಮಾಸ್ಕ್ ಕೈಗೆ ಸಿಗುವ ಹಾಗೆ ಇರಲಿ, ಸೀಟಿನ ಕೆಳಗೆ ಬೇಡ.