ನಾಣಿಯ ತೋಳಮಾನವ

"ಹೀರೋ ಎಂಟ್ರಿ ಕೇಳಿ," ಅಂದ ನಾಣಿ, ಕತೆ ಆಪ್‌ಗೆ ಬರೆದಿದ್ದ ತೋಳಮಾನವನ ಕತೆ ಓದೋಕೆ ಮೊಬೈಲ್ ಎತ್ತಿ ಹಿಡಿದು. "ಮಾಯಾಲೋಕ. ಹುಣ್ಣಿಮೆ ರಾತ್ರಿ. ಆರಡಿ ಎರಡಿಂಚು ಆಳು, 82 ಕೆಜಿ, ಒಂದು ಗ್ರಾಂ ಬೊಜ್ಜಿಲ್ಲ. ಜೀನ್ಸ್ ಪರಪರ ಹರಿಯುತ್ತೆ, ಅಂಗಿ ಚಿಂದಿ! ತೋಳ ಆಗಿ ಒಂದು ಊಳು ಹಾಕಿದ್ರೆ ಇಡೀ ಹಿಂಡು ತಲೆ ತಗ್ಗಿಸಿ ನಿಲ್ಲುತ್ತೆ. ಯಾಕಂದ್ರೆ ಅವನು ಆಲ್ಫಾ!"

"ಅಂಗಿ ಚಿಂದಿಯಾದ್ಮೇಲೆ ಬೆಳಗ್ಗೆ ಮನೆಗೆ ಏನು ಉಟ್ಕೊಂಡು ಬರ್ತಾನೆ?" ಅಂದರು ಪದ್ದಕ್ಕ.

ನಾಣಿ ಮೊಬೈಲ್ ಇಳಿಸಿದ.

"ನಗಬೇಡ್ವೋ," ಅಂದರು ಪದ್ದಕ್ಕ. "ಒಂದನೇ ಶತಮಾನದ ರೋಮಿನ ಲೇಖಕ ಪ್ಲಿನಿಗೇ ಈ ತಾಪತ್ರಯ ಗೊತ್ತಿತ್ತು. ಗ್ರೀಸಿನ ಅರ್ಕೇಡಿಯಾದಲ್ಲಿ ಒಂದು ವಂಶದೋರಲ್ಲಿ ಚೀಟಿ ಎತ್ತಿ ಒಬ್ಬನ್ನ ಆರಿಸ್ತಿದ್ರಂತೆ. ಅವನು ಬಟ್ಟೆ ಬಿಚ್ಚಿ ಓಕ್ ಮರಕ್ಕೆ ತಗುಲಿಹಾಕಿ, ಕೆರೆ ಈಜಿ ಆಚೆ ದಡ ಸೇರಿ ತೋಳ ಆಗೋದು. ಒಂಬತ್ತು ವರ್ಷ ಮನುಷ್ಯರ ಮಾಂಸ ಮುಟ್ಟದೇ ಇದ್ರೆ ಮತ್ತೆ ಈಜ್ಕೊಂಡು ಬಂದು ಮನುಷ್ಯ ಆಗೋದು, ಅದೇ ಬಟ್ಟೆ ತೊಟ್ಕೊಳ್ಳೋದು. ಪ್ಲಿನಿ ಇದನ್ನ ನಂಬಲಿಲ್ಲ, ಬರೆದಿಟ್ಟ ಅಷ್ಟೆ. ಆದ್ರೂ ನೋಡು, ಸುಳ್ಳು ಹೇಳೋನಿಗೂ ಬಟ್ಟೆ ಎಲ್ಲಿಡೋದು ಅನ್ನೋ ಯೋಚನೆ ಇತ್ತು."

"ಒಂಬತ್ತು ವರ್ಷ! ನಮ್ಮ ಬೀದೀಲಿ ಒಣಹಾಕಿದ ಪಂಚೆ ಮಧ್ಯಾಹ್ನದವರೆಗೆ ಇರಲ್ಲ," ಅಂದ ಸೀನು.

"ಇನ್ನು ತೂಕ. ನಮ್ಮ ಕಡೆ ಬಯಲುಸೀಮೆ ತೋಳ ಸುಮಾರು 20 ಕೆಜಿ. ನಿನ್ನ ಹೀರೋ 82. ಉಳಿದ 62 ಕೆಜಿ ರಾತ್ರಿಯಿಡೀ ಎಲ್ಲಿರುತ್ತೆ?"

"ಮ್ಯಾಜಿಕ್ ಅಕ್ಕ."

"ಮ್ಯಾಜಿಕ್ಕಿಗೂ ಲೆಕ್ಕ ಬೇಕು ಕಣೋ, ಇಲ್ದಿದ್ರೆ ಕೇಳೋರು ಭಯಪಡಲ್ಲ. ಬೇಕಾದ್ರೆ 82 ಕೆಜಿ ತೋಳಾನೇ ಮಾಡು, ಆಗ ಅದರ ಹೊಟ್ಟೆಪಾಡು ನೋಡು. ಹಲ್ಲು ನಮಗೆ 32, ತೋಳಕ್ಕೆ 42. ರಾತ್ರಿ ಹತ್ತು ಹಲ್ಲು ಹುಟ್ಟಬೇಕು, ಬೆಳಗ್ಗೆ ಹತ್ತು ಉದುರಬೇಕು. ಕಾಲು? ಮೊಣಕಾಲು ಹಿಂದಕ್ಕೆ ಮಡಚಿಕೊಳ್ತು ಅಂತ ಬರೆದಿದೀಯಲ್ಲ, ಅದು ಮೊಣಕಾಲಲ್ಲ, ಹಿಮ್ಮಡಿ. ತೋಳ ಬೆರಳ ಮೇಲೆ ನಡೆಯೋ ಪ್ರಾಣಿ, ಹಿಮ್ಮಡಿ ನೆಲಕ್ಕೆ ತಾಗಲ್ಲ. ಮೊಣಕಾಲು ಮೇಲೆ ಹೊಟ್ಟೆ ಹತ್ರ ಇರುತ್ತೆ. ಅಲ್ಲಿಗೆ ನಿನ್ನ ಹೀರೋ ಪಾದದ ಮೂಳೆ ಉದ್ದ ಆಗಬೇಕು, ತೊಡೆ ಗಿಡ್ಡ ಆಗಬೇಕು. ಸಂಕಟ ಅಂದ್ರೆ ಅದು. ಅದನ್ನ ಬಿಟ್ಟು ಜೀನ್ಸ್ ಹರಿದಿದ್ದು ಬರೀತೀಯ."

ನಾಣಿ ಪೆನ್ನು ತೆಗೆದ. "ಸರಿ, ಹಿಮ್ಮಡಿ. ಹುಣ್ಣಿಮೆಗಂತೂ ತಕರಾರಿಲ್ಲ ತಾನೆ?"

ತಕರಾರಿತ್ತು.

"ಯಾವ ಹುಣ್ಣಿಮೆ? ಪಂಚಾಂಗದ್ದೋ ಕ್ಯಾಲೆಂಡರಿನದ್ದೋ? ಸೂರ್ಯ ಚಂದ್ರ ಸರಿಯಾಗಿ ಎದುರುಬದುರು ಬರೋದು ಒಂದು ಕ್ಷಣ. ಹುಣ್ಣಿಮೆ ತಿಥಿ ಮುಗಿಯೋದೂ ಆ ಕ್ಷಣಕ್ಕೇ. ಆ ತಿಥಿ ಬೆಳಗ್ಗೆ ಹನ್ನೊಂದೂವರೆಗೆ ಮುಗಿದ್ರೆ ನಿನ್ನ ಹೀರೋ ಹಿಂದಿನ ರಾತ್ರಿ ತೋಳ ಆಗ್ತಾನೋ, ಆವತ್ತಿನ ರಾತ್ರಿಯೋ? ಅಥವಾ ಹನ್ನೊಂದೂವರೆಗೆ ಆಫೀಸಲ್ಲೇನೋ?"

"ಏಕಾದಶಿ ಹಾಗೆ ಮಾಡ್ಕೊಳ್ಳಲಿ ಬಿಡಿ," ಅಂದ ಸೀನು. "ಸ್ಮಾರ್ತ ತೋಳಗಳು ಇವತ್ತು, ವೈಷ್ಣವ ತೋಳಗಳು ನಾಳೆ."

"ಅಧಿಕ ಮಾಸ ಬಂದ್ರೆ?"

"ಹದಿಮೂರು ಸಲ ಆಗಬೇಕು, ಹದಿಮೂರು ಅಂಗಿ."

"ಅಷ್ಟಕ್ಕೂ ಹುಣ್ಣಿಮೆ ಹಳೇ ಕಟ್ಟಲೆ ಏನಲ್ಲ," ಅಂದರು ಪದ್ದಕ್ಕ. "1589ರಲ್ಲಿ ಜರ್ಮನಿಯ ಬೆಡ್‌ಬರ್ಗ್‌ನಲ್ಲಿ ಪೀಟರ್ ಸ್ಟಂಪ್ ಅನ್ನೋನನ್ನ ತೋಳಮಾನವ ಅಂತ ಚಿತ್ರಹಿಂಸೆ ಕೊಟ್ಟು ಕೊಂದ್ರು. ಅವನ ಮೇಲಿದ್ದ ಆಪಾದನೆ, ಸೈತಾನ ಒಂದು ಸೊಂಟಪಟ್ಟಿ ಕೊಟ್ಟಿದ್ದ, ಕಟ್ಕೊಂಡ್ರೆ ತೋಳ, ಬಿಚ್ಚಿದ್ರೆ ಮನುಷ್ಯ ಅಂತ. ತಿಂಗಳ ಪಾಳಿ ಬಹುಮಟ್ಟಿಗೆ 1940ರ ದಶಕದ ಹಾಲಿವುಡ್ ಅಂಟಿಸಿದ್ದು. ತೋಳಮಾನವ ಬೆಳ್ಳಿ ಗುಂಡಿಗೇ ಸಾಯೋದು ಅನ್ನೋ ಕತೆಯೂ ಅಷ್ಟೆ. ಫ್ರಾನ್ಸಿನ ಜೆವೊಡಾನ್‌ನಲ್ಲಿ ಮೂರು ವರ್ಷ ಜನಗಳನ್ನ ತಿಂದ ಮೃಗವನ್ನ 1767ರಲ್ಲಿ ಶಾಸ್ಟೆಲ್ ಅನ್ನೋನು ಹೊಡೆದ, ಬೆಳ್ಳಿ ಗುಂಡನ್ನ ಅವನ ಕೋವಿಗೆ ತುಂಬಿದ್ದು ಆಮೇಲೆ ಬಂದ ಕತೆಗಾರರು."

"ನನ್ನ ಕತೇಲಿ ವಿಲನ್ ರಾತ್ರೋರಾತ್ರಿ ಅಮ್ಮನ ಕಾಲ್ಗೆಜ್ಜೆ ಕರಗಿಸಿ ಗುಂಡು ಮಾಡ್ತಾನೆ," ಅಂದ ನಾಣಿ ಮೆಲ್ಲಗೆ.

"ಯಾವುದರ ಮೇಲೆ? ಗ್ಯಾಸ್ ಒಲೆ ಮೇಲೆ ಬಾಂಡ್ಲಿ ಇಟ್ಟೋ? ಸೀಸ 327 ಡಿಗ್ರಿಗೆ ಕರಗುತ್ತೆ, ಬೆಳ್ಳಿಗೆ 962 ಬೇಕು. ಅಕ್ಕಸಾಲಿಗರ ಕುಲುಮೆ, ಮೂಸೆ ಎಲ್ಲ ಬೇಕು. ಆರಿದ ಮೇಲೆ ಕುಗ್ಗುತ್ತೆ, ಅಚ್ಚು ಒಂದಿಷ್ಟು ದೊಡ್ಡದೇ ಇರಬೇಕು. ಸೀಸಕ್ಕಿಂತ ಗಡಸು, ನಳಿಗೆಯೊಳಗಿನ ಸುರುಳಿ ಗೀರುಗಳಿಗೆ ಸರಿಯಾಗಿ ಕಚ್ಚಲ್ಲ, ಗುರಿ ತಪ್ಪುತ್ತೆ. ಅಮ್ಮನ ಗೆಜ್ಜೇನೂ ಹೋಯ್ತು, ತೋಳಾನೂ ಹೋಯ್ತು."

ಸೀನುಗೆ ಏನೋ ನೆನಪಾಯಿತು. "ಹ್ಯಾರಿ ಪಾಟರ್‌ನಲ್ಲಿ ಒಬ್ಬ ಮೇಷ್ಟ್ರಿದ್ರಲ್ಲ ಪದ್ದಕ್ಕ, ಲ್ಯೂಪಿನ್ನು."

"ಆ ಮನುಷ್ಯನ ಕತೇಲಿ ಕಟ್ಟುನಿಟ್ಟು ಇದೆ ನೋಡು. ಹುಣ್ಣಿಮೆಗೆ ಒಂದು ವಾರ ಮುಂಚಿಂದ ದಿನಾ ಒಂದು ಬಟ್ಟಲು ಕಷಾಯ. ಕುಡಿದ್ರೂ ತೋಳ ಆಗೋದು ತಪ್ಪಲ್ಲ, ಬುದ್ಧಿ ಮಾತ್ರ ಸ್ಥಿಮಿತದಲ್ಲಿರುತ್ತೆ, ತನ್ನ ಕೋಣೇಲೇ ಮುದುರಿಕೊಂಡು ಮಲಗಬಹುದು. ಒಂದು ರಾತ್ರಿ ಮರೆತ, ಎಡವಟ್ಟಾಯ್ತು. ಸಕ್ಕರೆ ಹಾಕಿದ್ರೆ ಕಷಾಯ ಕೆಟ್ಟುಹೋಗುತ್ತೆ."

"ಸಕ್ಕರೆ ಇಲ್ದೆ ನಮ್ಮ ನಾಣಿ ಕಾಫೀನೂ ಕುಡಿಯಲ್ಲ."

"ಕಷಾಯದ ಹೆಸರು ವುಲ್ಫ್ಸ್‌ಬೇನ್, ಆ ಹೆಸರಿನ ಗಿಡ ನಿಜವಾದ್ದೇ. ಯುರೋಪಲ್ಲಿ ಅದರ ವಿಷ ಹಾಕಿ ತೋಳ ಕೊಲ್ತಿದ್ರು. ಅದರ ಹಿಮಾಲಯದ ದಾಯಾದಿ ನಮ್ಮ ವತ್ಸನಾಭಿ. ಆಯುರ್ವೇದದೋರು ಗೋಮೂತ್ರದಲ್ಲಿ ನೆನೆಹಾಕಿ, ದಿನಾ ಬದಲಿಸಿ, ಶೋಧನೆ ಮಾಡಿದ ಮೇಲೇ ಮುಟ್ಟೋದು. ಹಾಗೇ ಬಾಯಿಗೆ ಹೋದ್ರೆ ಮೊದಲು ನಾಲಿಗೆ ಜುಮ್ಮೆನ್ನುತ್ತೆ, ಆಮೇಲೆ ಎದೆಬಡಿತ ಹಳಿ ತಪ್ಪುತ್ತೆ. ಅಷ್ಟು ವಿಷದ ಹೆಸರು ಹೊತ್ತ ಕಷಾಯ ಕುಡ್ಕೊಂಡು ಪಾಠ ಮಾಡಿದ ಮೇಷ್ಟ್ರನ್ನ ವರ್ಷದ ಕೊನೇಲಿ, ಅಪ್ಪ ಅಮ್ಮಂದಿರು ಗಲಾಟೆ ಮಾಡ್ತಾರೆ ಅಂತ, ರಾಜೀನಾಮೆ ಕೊಟ್ಟು ಹೋಗೋ ಹಾಗೆ ಮಾಡಿದ್ರು. ಒಂದೇ ಒಂದು ಒಳ್ಳೇ ಭಾಗ ಅಂದ್ರೆ ಸ್ಕೂಲಲ್ಲಿದ್ದಾಗಿನ ಸ್ನೇಹಿತರು. ಆ ತೋಳ ಕಚ್ಚೋದು ಮನುಷ್ಯರನ್ನ ಮಾತ್ರ. ಅದಕ್ಕೆ ಮೂವರೂ ಕದ್ದು ವಿದ್ಯೆ ಕಲ್ತು, ನಾಯಿ, ಸಾರಂಗ, ಇಲಿ ಆಗಿ ಅವನ ಜೊತೆ ರಾತ್ರಿ ಕಳೀತಿದ್ರು."

"ನಾನು ತೋಳ ಆದ್ರೆ ನೀವೆಲ್ಲ ಏನಾಗ್ತೀರಿ?" ಅಂದ ನಾಣಿ.

"ನಾನು ಬೇರೆ ಊರಿನವನಾಗ್ತೀನಿ," ಅಂದ ಸೀನು.

ನಾಣಿಗೆ ಬೇಜಾರಾಯಿತು. "ಏನೇ ಹೇಳಿ, ಆಲ್ಫಾ ಮಾತ್ರ ಬಿಡಲ್ಲ. ಆಪ್‌ನೋರು ಕೇಳೋದೇ ಅದನ್ನ. ಆಲ್ಫಾ ಗಂಡ, ಆಲ್ಫಾ ಬಾಸ್, ಆಲ್ಫಾನ ತಿರಸ್ಕೃತ ಹೆಂಡತಿ. ಜಿಮ್ಮಲ್ಲೂ ಎಲ್ಲ ಆಲ್ಫಾಗಳೇ."

ಪದ್ದಕ್ಕ ಕಾಯುತ್ತಿದ್ದದ್ದು ಇದಕ್ಕೇ.

"1947ರಲ್ಲಿ ಶೆಂಕೆಲ್ ಅನ್ನೋ ವಿಜ್ಞಾನಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳ ಬಗ್ಗೆ ಬರೆದ. ಸಂಬಂಧ ಇಲ್ಲದ ತೋಳಗಳನ್ನ ಒಂದೇ ಆವರಣದಲ್ಲಿ ಕೂಡಿಹಾಕಿದ್ರು, ಹೊಡೆದಾಡಿದ್ವು, ಗೆದ್ದಿದ್ದು ಮೇಲು. ಅಮೆರಿಕದ ಡೇವಿಡ್ ಮೆಕ್ 1970ರ ಪುಸ್ತಕದಲ್ಲಿ ಅದನ್ನೇ ಜನಕ್ಕೆ ಹೇಳಿದ. ಆಮೇಲೆ ಅವನೇ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಬೇಸಿಗೆ ಬೇಸಿಗೆ ಕೂತು ಕಾಡುತೋಳಗಳನ್ನ ನೋಡಿದ. ಹಿಂಡು ಅಂದ್ರೆ ಏನಿತ್ತು ಗೊತ್ತೇನೋ? ಅಪ್ಪ, ಅಮ್ಮ, ಈ ವರ್ಷದ ಮಕ್ಕಳು, ಹೋದ ವರ್ಷದ ಮಕ್ಕಳು. ಅಪ್ಪನಿಗೆ ಮಕ್ಕಳು ತಲೆ ತಗ್ಗಿಸ್ತವೆ, ಅದರಲ್ಲೇನು ಆಲ್ಫಾ? ಎರಡು ಮೂರು ವರ್ಷಕ್ಕೆ ಮಕ್ಕಳು ಮನೆ ಬಿಟ್ಟು ತಮ್ಮ ಜೋಡಿ ಹುಡುಕ್ಕೊಂಡು ಹೋಗ್ತವೆ. 1999ರಲ್ಲಿ ಆಲ್ಫಾ ಅನ್ನಬೇಡಿ ಅಂತ ಅವನೇ ಬರೆದ, ಪುಸ್ತಕ ಅಚ್ಚು ಹಾಕೋದು ನಿಲ್ಲಿಸಿ ಅಂತ ಪ್ರಕಾಶಕರಿಗೂ ಹೇಳಿದ. ನಿಮ್ಮ ಜಿಮ್ಮಿಗೆ ಮಾತ್ರ ಸುದ್ದಿ ಮುಟ್ಟಿಲ್ಲ."

"ಅಂದ್ರೆ ಆಲ್ಫಾ ಅಂದ್ರೆ..."

"ಅಪ್ಪ. ಮಕ್ಕಳ ಫೀಸು ಕಟ್ಟೋನು."

"ಗಾಂಭೀರ್ಯ ಇರುತ್ತಲ್ಲ ಅಕ್ಕ!"

"ಬೇಕಾದಷ್ಟು. ಬೇಟೆ ಮಾಂಸವನ್ನ ಹೊಟ್ಟೇಲೇ ತುಂಬ್ಕೊಂಡು ಮೈಲಿಗಟ್ಟಲೆ ನಡೆದು ಗವಿಗೆ ಬರ್ತಾನೆ. ಮರಿಗಳು ಓಡಿಬಂದು ಮೂತಿ ನೆಕ್ಕುತ್ತವೆ. ಆಗ ನಿಮ್ಮ ಆಲ್ಫಾ ಎಲ್ಲ ಕಕ್ಕುತ್ತಾನೆ, ಮರಿಗಳು ತಿಂತವೆ. ಗವಿ ಬಿಟ್ಟು ಹೋಗಕ್ಕಾಗದ ಬಾಣಂತಿ ಹೆಂಡತಿಗೂ ಅದೇ ಊಟ. ಬರಿ ಇದನ್ನ. 'ಅವನು ಬಾಗಿಲು ಒದ್ದು ಒಳಗೆ ಬಂದ. ಅವಳ ಕಣ್ಣಲ್ಲಿ ಕಣ್ಣಿಟ್ಟ. ನಂತರ ಕಕ್ಕಿದ.'"

ಸೀನು ಬೋಂಡಾ ಕೆಳಗಿಟ್ಟ.

ಅಷ್ಟು ಹೊತ್ತು ಸುಮ್ಮನಿದ್ದ ಹಣಮಂತಪ್ಪ ಬಾಯಿ ಬಿಟ್ಟ. "ಅಕ್ಕಾರು ಖರೇ ಹೇಳ್ತಾರ. ತ್ವಾಳ ಭಾಳ ಸಂಸಾರಿ ಐತಿ. ನಮ್ಮ ಕೊಪ್ಪಳ ಕಡೆ ಕುರುಬರು ರಾತ್ರಿ ಹೊಲದಾಗ ಸುತ್ತ ಬಲೆ ಕಟ್ಟಿ ಕುರಿ ನಿಲ್ಲಸ್ತಾರಲ್ರಿ, ಗಂಡ ಹೆಂಡ್ತಿ ಕೂಡೇ ಬರ್ತಾವ. ಒಂದು ಆ ಕಡಿ ನಾಯಿಗೆ ಮೈ ತೋರ್ಸಿ ಅಟ್ಟಿಸ್ಕೊಂಡು ಹೊಕ್ಕತಿ. ಇನ್ನೊಂದು ಈ ಕಡಿಂದ ಮರಿ ಕಚ್ಕೊಂಡು ಹಾರತೈತಿ. ಊಳೂ ಇಲ್ಲ, ಗೀಳೂ ಇಲ್ಲ."

"ಇನ್ನೂ ಇವೆಯಾ ಅಲ್ಲಿ?"

"ಅದಾವ. ಗಂಗಾವತಿ ತಾಲೂಕಿನ ಬಂಕಾಪುರದಾಗ ತ್ವಾಳಕ್ಕಂತ ಧಾಮಾನ ಮಾಡ್ಯಾರ. ಧಾಮದ ಹೊರಗಿಂದ ಚಿಂತಿ ನೋಡ್ರಿ. ತ್ವಾಳಕ್ಕ ದಟ್ಟ ಕಾಡು ಬ್ಯಾಡ, ಹುಲ್ಲಿನ ಬಯಲು, ಕುರುಚಲು ಗುಡ್ಡ ಬೇಕು. ಸರ್ಕಾರದ ಕಾಗದದಾಗ ಅದು ಬಂಜರು. ಬಂಜರು ಅಂದ್ಮ್ಯಾಲ ಯಾರರ ಬಂದು ಸೋಲಾರ್ ಹಾಕ್ತಾರ, ಇಲ್ಲಾಂದ್ರ ಗಿಡ ನೆಟ್ಟು ಪುಣ್ಯ ಮಾಡ್ತಾರ."

"ನಮ್ಮ ಮೇಲುಕೋಟೆ ಧಾಮಾನೂ 1974ರಲ್ಲಿ ತೋಳಕ್ಕೋಸ್ಕರ ಮಾಡಿದ್ದೇ," ಅಂದರು ಪದ್ದಕ್ಕ. "ಈಗ ಪುಣೆ ಕಡೆ ಇನ್ನೊಂದು ಕಷ್ಟ ಕಂಡಿದೆ. ಜೋಡಿ ಸಿಗದ ತೋಳ ಬೀದಿನಾಯಿ ಜೊತೆ ಕೂಡುತ್ತೆ, ಹುಟ್ಟಿದ ಬೆರಕೆ ಮರಿಗಳನ್ನ ವಂಶವಾಹಿ ಪರೀಕ್ಷೆ ಮಾಡಿ ಖಚಿತ ಮಾಡಿದ್ದಾರೆ. ನೀನು ಮನುಷ್ಯನನ್ನ ತೋಳ ಮಾಡೋಕೆ ಒದ್ದಾಡ್ತಿದ್ದೀಯ ನಾಣಿ, ಅಲ್ಲಿ ತೋಳ ನಾಯಿ ಆಗ್ತಿದೆ. ಅದಕ್ಕೆ ಹುಣ್ಣಿಮೆಯೂ ಬೇಡ, ಬೆಳಗಾದ್ಮೇಲೆ ವಾಪಸ್ಸೂ ಬರಲ್ಲ."

ನಾಣಿ ಏನೋ ಬರೆಯಲು ಹೋಗಿ ನಿಲ್ಲಿಸಿದ. "ಇದನ್ನ ಆಪ್‌ನೋರು ತಗೊಳ್ಳಲ್ಲ ಪದ್ದಕ್ಕ."

"ಅದಿರ್ಲಿ," ಅಂದ ಹಣಮಂತಪ್ಪ. "ಕುರಿ ಪರಿಹಾರದ ಮಾತು ಬರೀ ತಮ್ಮಾ. ಪರಿಹಾರ ಬೇಕಂದ್ರ ಸತ್ತ ಕುರಿ ತೋರ್ಸಬೇಕು, ದನದ ಡಾಕ್ಟರ್ ಬಂದು ಬರ್ಕೊಡಬೇಕು, ಫಾರೆಸ್ಟಿನವ್ರು ಪಂಚನಾಮಿ ಮಾಡಬೇಕು. ತ್ವಾಳ ಮರೀನ ಇಡೀಗೆ ಹೊತ್ಕೊಂಡು ಹೋದ್ರ ತೋರ್ಸೂದು ಏನ? ಬರೇ ಬಲೆ. ಅರ್ಜಿ ಅಲ್ಲೇ ಬಿತ್ತು."

"ನಾಣಿ ಹೀರೋ ಇದ್ದಾನಲ್ಲ ಹಣಮಂತಪ್ಪ," ಅಂದರು ಪದ್ದಕ್ಕ. "ಬೆಳಗಾದ್ರೆ ಮನುಷ್ಯ ಆಗ್ತಾನೆ. ತಿಂದಿದ್ದು ನಾನೇ ಅಂತ ಪಂಚನಾಮೆಗೆ ಅವನ ಹತ್ರಾನೇ ಒಂದು ಸಹಿ ಹಾಕ್ಸೋಣ. ಮೊದಲು ಒಂದು ಪಂಚೆ ಕೊಡಿ ಪಾಪ."