‘ವರ್ಗಕ್ಕೆ ಒಂದು ಕೂಡಿದ ಅವಿಭಾಜ್ಯ’: ಚಿಕ್ಕ ಪದ ಇದೆಯಾ?

ನಮಸ್ಕಾರ. ಹೈಸ್ಕೂಲ್ ಮಕ್ಕಳಿಗೆ ಸಂಖ್ಯೆಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಒಂದು ಹೆಸರಿನ ಹತ್ತಿರ ಬಂದು ಸಿಕ್ಕಿಕೊಂಡಿದ್ದೇನೆ.

ವಿಷಯ ಇಷ್ಟು. 4ರ ವರ್ಗ 16, ಅದಕ್ಕೆ 1 ಕೂಡಿದರೆ 17. 6ರ ವರ್ಗಕ್ಕೆ ಕೂಡಿದರೆ 37, 10ರದಕ್ಕೆ 101. ಮೂರೂ ಅವಿಭಾಜ್ಯ. 8ರದು 65, ಅಂದರೆ 5 × 13. ಅಲ್ಲಿ ಕೈಕೊಟ್ಟಿತು. ಇಂಥ ಅವಿಭಾಜ್ಯಗಳು ಮುಗಿಯದೆ ಬರುತ್ತಲೇ ಇರುತ್ತವೆಯೇ? 1912ರಲ್ಲಿ ಕೇಂಬ್ರಿಜ್‌ನಲ್ಲಿ ನಡೆದ ಗಣಿತಜ್ಞರ ಸಮ್ಮೇಳನದಲ್ಲಿ ಜರ್ಮನ್ ಗಣಿತಜ್ಞ ಎಡ್ಮಂಡ್ ಲ್ಯಾಂಡೌ ಮುಂದಿಟ್ಟ ನಾಲ್ಕು ಪ್ರಶ್ನೆಗಳಲ್ಲಿ ಇದೂ ಒಂದು. ಇನ್ನೂ ಉತ್ತರ ಸಿಕ್ಕಿಲ್ಲ. 1ರ ಬದಲು 2 ಕೂಡಿದರೆ 3, 11, 83, 227 ಹೀಗೆ ಬೇರೆ ಸಾಲು.

ಕರಡಿನಲ್ಲಿ ‘ವರ್ಗ-ಸ್ಥಿರಾಂಕ ಅವಿಭಾಜ್ಯ’ ಎಂದು ಬರೆದಿದ್ದೆ. ಸ್ಥಿರಾಂಕ ಅಂದರೆ ಬದಲಾಗದ ಸಂಖ್ಯೆ, ಇಲ್ಲಿ ವರ್ಗಕ್ಕೆ ಕೂಡುವ 1 ಅಥವಾ 2. ಎಂಟನೇ ಕ್ಲಾಸಿನ ಅಣ್ಣನ ಮಗಳು ಓದಿ, “ಸ್ಥಿರಾಂಕದ ವರ್ಗಾನಾ ಚಿಕ್ಕಪ್ಪ?” ಅಂದಳು. ಸರಿಯೇ, ‘ಕೂಡು’ ಅನ್ನುವುದೇ ಸಮಾಸದಲ್ಲಿ ಮಾಯ! ಅದನ್ನು ಬಿಡುವ ಹಾಗೂ ಇಲ್ಲ. 1 ಕಳೆದರೆ ಕಥೆಯೇ ಬೇರೆ. 6ರ ವರ್ಗದಿಂದ 1 ಕಳೆದರೆ 35, ಅದು 5 × 7. ಯಾವ ಸಂಖ್ಯೆ ಹಿಡಿದರೂ ಹೀಗೇ ಹಿಂದಿನದು, ಮುಂದಿನದರ ಗುಣಲಬ್ಧ. ಅಲ್ಲಿ ಸಿಗುವ ಅವಿಭಾಜ್ಯ 3 ಒಂದೇ.

ಅವಳ ಎರಡನೇ ಪ್ರಶ್ನೆ: “ಒಂದ್ಸಲ 1, ಒಂದ್ಸಲ 2 ಅಂದ್ರೆ ಸ್ಥಿರ ಹೇಗಾಯ್ತು?” ಆರಿಸುವಾಗ ಯಾವುದಾದರೂ ಆಗಬಹುದು, ಆರಿಸಿದ ಮೇಲೆ ಬದಲಿಸಬಾರದು ಎಂದೆ. ಈ ಅರ್ಥಕ್ಕೆ ‘ಗೊತ್ತುಮಾಡಿದ ಸಂಖ್ಯೆ’ ವಾಸಿ ಅನಿಸುತ್ತದೆ. ಮದುವೆ ದಿನ ಗೊತ್ತುಮಾಡುತ್ತೇವಲ್ಲ, ಹಾಗೆ.

ಹಳೆಯ ಗಣಿತದಲ್ಲಿ ‘ಸೈಕ’ ಎಂಬ ಪದವಿದೆ, ಸ + ಏಕ, ಒಂದು ಕೂಡಿದ್ದು ಎಂದರ್ಥ. 1ರಿಂದ ಸಾಲಾಗಿ ಬರುವ ಸಂಖ್ಯೆಗಳ ಮೊತ್ತ ಹೇಳುವಾಗ ಭಾಸ್ಕರಾಚಾರ್ಯ ಲೀಲಾವತಿಯಲ್ಲಿ ‘ಸೈಕಪದ’ ಎನ್ನುತ್ತಾನೆ (ಇಲ್ಲಿ ‘ಪದ’ ಅಂದರೆ ಸಾಲಿನಲ್ಲಿ ಎಷ್ಟು ಸಂಖ್ಯೆಗಳಿವೆ ಎಂಬ ಲೆಕ್ಕ). ಅದೇ ಜಾಡಿನಲ್ಲಿ ‘ಸೈಕವರ್ಗ ಅವಿಭಾಜ್ಯ’ ಅನ್ನಬಹುದು. ಚಿಕ್ಕದು, ಅರ್ಥವೂ ಕರಾರುವಾಕ್ಕು. ಆದರೆ ಮಕ್ಕಳಿಗೆ ನೆನಪಾಗುವುದು ಸೈಕಲ್ಲೇ ಅಲ್ವಾ? 2 ಕೂಡಿದ್ದಕ್ಕೆ ‘ಸದ್ವಿವರ್ಗ’ ಅಂತೂ ನನ್ನ ಬಾಯಿಗೇ ಹೊರಳುತ್ತಿಲ್ಲ.

ಸದ್ಯಕ್ಕೆ ‘ವರ್ಗಕ್ಕೆ ಒಂದು ಕೂಡಿದ ಅವಿಭಾಜ್ಯ’ ಎಂದೇ ಇಟ್ಟಿದ್ದೇನೆ. ಉದ್ದ ಜಾಸ್ತಿ, ತಲೆಬರಹಕ್ಕೆ ಹಿಡಿಸುವುದಿಲ್ಲ. ಗಣಿತ ಪಾಠ ಮಾಡುವವರು ಕ್ಲಾಸಿನಲ್ಲಿ ಏನನ್ನುತ್ತೀರಿ? ‘ಒಂದುಗೂಡಿದ ವರ್ಗ’ ಅಂದರೆ ನಡೆಯುತ್ತದೆಯೇ, ಅಥವಾ ಎಲ್ಲರೂ ಒಗ್ಗಟ್ಟಾದರು ಅನ್ನುವ ಹಾಗೆ ಕೇಳಿಸುತ್ತದೆಯೇ?