ಅಪ್‌ಡೇಟ್: ಪದವಿ ಪತ್ರ ಬರುವ ಮೊದಲೇ ಪೋಸ್ಟ್‌ಡಾಕ್ ಅರ್ಜಿ ಹಾಕಿದೆ

ಪಿಎಚ್‌ಡಿ ವೈವಾ (ಕೊನೆಯ ಮೌಖಿಕ ಪರೀಕ್ಷೆ) ಮುಗಿದಿದೆ, ಪದವಿ ಪತ್ರ ಬಂದಿಲ್ಲ, ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನೆ) ಫೆಲೋಶಿಪ್‌ಗೆ ಅರ್ಜಿ ಹಾಕಬಹುದಾ ಎಂದು ಕೇಳಿದ್ದೆ. ಹಾಕಿದೆ! ಯುರೋಪಿನ ಮೇರಿ ಕ್ಯೂರಿ ಫೆಲೋಶಿಪ್‌ನ 2025ರ ನಿಯಮದ ಪ್ರಕಾರ, ಕೊನೆಯ ದಿನಾಂಕದೊಳಗೆ ವೈವಾ ಪಾಸಾಗಿದ್ದರೆ ಸಾಕಿತ್ತು.

ಆದರೆ ಇನ್ನೊಂದು ನಿಯಮ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಹೋಗುವ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು. ನಾನು ಹೋಗಬೇಕೆಂದಿದ್ದ ದೇಶದಲ್ಲೇ ಪಿಎಚ್‌ಡಿ ಮಾಡಿದ್ದೆ! ಹಾಗಾಗಿ ಮಾರ್ಗದರ್ಶಕರಾಗುತ್ತೀರಾ ಎಂದು ಬೇರೆ ದೇಶದ ಪ್ರೊಫೆಸರ್‌ಗಳಿಗೆ ಬರೆದೆ. ಇಬ್ಬರಿಗೆ ಸುಮ್ನೆ ಸಿವಿ ಕಳಿಸಿದ್ದೆ, ಉತ್ತರವೇ ಬರಲಿಲ್ಲ. ಮೂರನೆಯವರ ಪೇಪರ್ ಓದಿ, ಅದರಲ್ಲಿ ನನ್ನ ಕೆಲಸ ಎಲ್ಲಿ ಸೇರುತ್ತದೆ ಎಂದು ಎರಡು ಪ್ಯಾರಾ ಬರೆದೆ. ಒಪ್ಪಿದರು. ಪ್ರಸ್ತಾವನೆಯನ್ನು ಐದು ಸಲ ತಿದ್ದಿಸಿದರು, ಅವರ ತಾಳ್ಮೆಗೆ ನಾನು ಋಣಿ.

ಫಲಿತಾಂಶಕ್ಕೆ ಕಾಯುತ್ತಿದ್ದೇನೆ.